ಟ್ರೋಲಿಂಗ್ ಮೋಟಾರ್ ಬ್ಯಾಟರಿ ಸಂಜೆವರೆಗೂ ಬರಬೇಕಾ? ಸೂಳೆಕೆರೆ, ಮಾರಿಕಣಿವೆಯ ಗಾಳದವರಿಗೆ ಸಮಗ್ರ ಮಾರ್ಗದರ್ಶಿ

ದೋಣಿಗೆ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್, ಅಂದರೆ ನೀರಿನೊಳಗೆ ಫ್ಯಾನ್ ತಿರುಗಿಸಿ ದೋಣಿ ತಳ್ಳುವ ಬ್ಯಾಟರಿ ಮೋಟಾರ್ ಹಾಕಿಸಿಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ. "ನೂರು ಆಂಪ್ ಅವರ್ ಬ್ಯಾಟರಿ ಹಾಕಿದ್ದೀನಿ, ಹತ್ತು ಗಂಟೆ ಹೊತ್ತಿಗೇ ಯಾಕೆ ಮಲಗಿಬಿಡುತ್ತೆ? ಇನ್ನೂ ದೊಡ್ಡ ಬ್ಯಾಟರಿ ತಗೊಳ್ಳಲಾ?"

ಸದ್ಯಕ್ಕೆ ಬೇಡ. ಇರುವ ಬ್ಯಾಟರಿಯಲ್ಲೇ ಇನ್ನೂ ಒಂದೆರಡು ಗಂಟೆ ಅಡಗಿದೆ. ಅದನ್ನು ನುಂಗುತ್ತಿರುವುದು ವೇಗದ ನಾಬ್, ತೆಳ್ಳಗಿನ ವೈರು, ಫ್ಯಾನಿಗೆ ಸುತ್ತಿಕೊಂಡ ದಾರ ಮತ್ತು ಗಾಳಿ. ಈ ನಾಲ್ಕರಲ್ಲಿ ನಾಬ್‌ನದ್ದೇ ದೊಡ್ಡ ಪಾಲು.

ಪೆಟ್ರೋಲ್ ಎಂಜಿನ್ ಬಿಟ್ಟು ಇದಕ್ಕೆ ಬಂದವರು ಒಳ್ಳೆಯ ಕೆಲಸವನ್ನೇ ಮಾಡಿದ್ದೀರಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ನೀರನ್ನು ಚಿತ್ರದುರ್ಗದವರು ಕುಡಿಯುತ್ತಾರೆ. ಆ ನೀರಿನ ಮೇಲೆ ಎಣ್ಣೆ ತೇಲುವುದು ಯಾರಿಗೂ ಬೇಡ. ಸದ್ದಿಲ್ಲದೆ ಹೋದರೆ ಕಾಟ್ಲಾ ಮೀನು ಕೂಡ ಬೆದರುವುದಿಲ್ಲ. ಹಾಗಾಗಿ ಇದನ್ನು ಚೆನ್ನಾಗಿ ಬಳಸುವುದನ್ನು ಕಲಿಯೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ದೋಣಿ ಇಳಿಸುವ ಮೊದಲು ಮೀನುಗಾರಿಕೆ ಇಲಾಖೆಯಲ್ಲೂ ಸಂಘದಲ್ಲೂ ಕೇಳಿ ಒಪ್ಪಿಗೆ ತಗೊಳ್ಳಿ. ಜಲಾಶಯವಾದರೆ ನೀರಾವರಿಯವರನ್ನೂ ಕೇಳಬೇಕಾಗುತ್ತದೆ.

ಮೊದಲು ಲೆಕ್ಕ ಅರ್ಥವಾಗಲಿ

ಬ್ಯಾಟರಿಯ ಮೇಲೆ 100 ಆಂಪ್ ಅವರ್ ಅಂತ ಬರೆದಿರುತ್ತದೆ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಸಿ20 ಅಂತಲೂ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. 5 ಆಂಪ್‌ನಂತೆ ನಿಧಾನವಾಗಿ ಎಳೆದರೆ 20 ಗಂಟೆ ಬರುತ್ತದೆ ಅನ್ನುವುದು ಅದರ ಅರ್ಥ. 50 ಆಂಪ್ ಎಳೆದರೆ ಎರಡು ಗಂಟೆ ಬರಬೇಕಲ್ವಾ? ಸೀಸದ ಬ್ಯಾಟರಿಯಲ್ಲಿ ಬರುವುದಿಲ್ಲ. ಜೋರಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ. 55 ಪೌಂಡ್ ಥ್ರಸ್ಟಿನ, ಅಂದರೆ ಅಷ್ಟು ತಳ್ಳುವ ಬಲದ 12 ವೋಲ್ಟ್ ಮೋಟಾರ್ ಪೂರ್ತಿ ತಿರುಗಿಸಿದಾಗ ಸುಮಾರು 50 ಆಂಪ್ ತಿನ್ನುತ್ತದೆ. 30 ಪೌಂಡಿನದ್ದು ಸುಮಾರು 30 ಆಂಪ್.

ಜೊತೆಗೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು 100 ಅಲ್ಲ, 50. ಸರಾಸರಿ 10 ಆಂಪ್‌ನಲ್ಲಿ ಓಡಿಸಿದರೆ ಐದು ಗಂಟೆ. 5 ಆಂಪ್‌ನಲ್ಲಿ ಹತ್ತು ಗಂಟೆ. ಈ ಗಂಟೆಗಳು ಮೋಟಾರ್ ತಿರುಗುತ್ತಿರುವ ಹೊತ್ತು ಮಾತ್ರ. ಗಾಳ ಹಾಕಿ ಕೂತ ಹೊತ್ತು ಇದರಲ್ಲಿ ಸೇರಿಲ್ಲ.

ಈಗ ವೇಗದ ವಿಷಯ. ದೋಣಿಯ ವೇಗ ದುಪ್ಪಟ್ಟಾದರೆ ನೀರಿನ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ, ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಇದನ್ನು ಉಲ್ಟಾ ಓದಿ. ವೇಗ ಐದರಲ್ಲಿ ಒಂದು ಪಾಲು ಇಳಿಸಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಮೂರು ಕಿಲೋಮೀಟರ್ ಆಚೆಯ ದಂಡೆಗೆ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋದರೆ 36 ನಿಮಿಷ, 4 ಕಿಲೋಮೀಟರ್ ವೇಗದಲ್ಲಿ ಹೋದರೆ 45 ನಿಮಿಷ. ಒಂಬತ್ತು ನಿಮಿಷ ಜಾಸ್ತಿ ಕೂತಿದ್ದಕ್ಕೆ ಆ ದಾರಿಯ ಖರ್ಚಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಯಾವ ದುಬಾರಿ ಬ್ಯಾಟರಿಯೂ ಇಷ್ಟು ಸುಲಭವಾಗಿ ಈ ಲಾಭ ಕೊಡುವುದಿಲ್ಲ.

ನಿಮ್ಮ ಮೋಟಾರ್ ಎಷ್ಟು ತಿನ್ನುತ್ತದೆ, ನೀವೇ ಅಳೆಯಿರಿ

ಇದೊಂದು ಕೆಲಸ ಮಾಡಿದವರಿಗೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ದಯವಿಟ್ಟು ಬಿಡಬೇಡಿ.

ವೈರನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ಬೇಕು. ಕೊಳ್ಳುವಾಗ ಡಿಸಿ ಆಂಪ್ ಅಳೆಯುತ್ತದಾ ಅಂತ ಗಟ್ಟಿಯಾಗಿ ಕೇಳಿ. ಕಡಿಮೆ ಬೆಲೆಯ ಬಹಳಷ್ಟು ಮೀಟರ್‌ಗಳು ಮನೆ ಕರೆಂಟಿನ ಎಸಿಯನ್ನು ಮಾತ್ರ ಅಳೆಯುತ್ತವೆ, ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಬೆಳಗಿನ ಮಟ್ಟಿಗೆ ಕೇಳಿ.

ಗಾಳಿ ಏಳುವ ಮುಂಚೆ ನೀರಿಗಿಳಿಯಿರಿ. ಯಾವಾಗಲೂ ಒಯ್ಯುವಷ್ಟೇ ಸಾಮಾನು, ಯಾವಾಗಲೂ ಬರುವಷ್ಟೇ ಜನ ದೋಣಿಯಲ್ಲಿರಲಿ. ದೋಣಿಯನ್ನು ದಂಡೆಗೆ ಕಟ್ಟಿ ಅಳೆಯಬೇಡಿ. ಕಟ್ಟಿದ ದೋಣಿಯಲ್ಲಿ ಮೋಟಾರ್ ಹೆಚ್ಚು ಎಳೆಯುತ್ತದೆ, ಲೆಕ್ಕ ತಪ್ಪುತ್ತದೆ. ಮೋಟಾರನ್ನು ನೀರಿನಿಂದ ಹೊರಗೆ ಓಡಿಸುವುದಂತೂ ಬೇಡವೇ ಬೇಡ. ಅದನ್ನು ತಣ್ಣಗಿಡುವುದೇ ನೀರು.

ಮೀಟರಿನ ಬಾಯಿಯನ್ನು ಬ್ಯಾಟರಿಯಿಂದ ಬರುವ ಕೆಂಪು ವೈರು ಒಂದಕ್ಕೆ ಮಾತ್ರ ಹಾಕಿ. ಎರಡೂ ವೈರು ಒಳಗೆ ಸಿಕ್ಕರೆ ಏನೂ ತೋರಿಸುವುದಿಲ್ಲ. ನಾಬ್ ಒಂದರಲ್ಲಿಟ್ಟು ಒಂದು ನಿಮಿಷ ಹೋಗಲು ಬಿಡಿ, ದೋಣಿ ತನ್ನ ವೇಗ ಹಿಡಿಯಲಿ. ಆಮೇಲೆ ಆಂಪ್ ಎಷ್ಟು, ಮೊಬೈಲ್ ಜಿಪಿಎಸ್‌ನಲ್ಲಿ ವೇಗ ಎಷ್ಟು ಅಂತ ಬರೆದುಕೊಳ್ಳಿ. ಎರಡು, ಮೂರು, ಹೀಗೆ ಕೊನೆಯವರೆಗೆ ಹೋಗಿ. ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಇನ್ನೊಮ್ಮೆ ಅಳೆದು ಎರಡರ ಸರಾಸರಿ ತಗೊಳ್ಳಿ. ಸಣ್ಣ ಗಾಳಿಯ ಪ್ರಭಾವ ಕಳೆದುಹೋಗುತ್ತದೆ.

ಈಗ ಪಟ್ಟಿ ನೋಡಿ. ಎಲ್ಲೋ ಒಂದು ಕಡೆ ವೇಗ ಸ್ವಲ್ಪವೇ ಏರಿ ಆಂಪ್ ಮಾತ್ರ ದಿಢೀರನೆ ಏರಿರುತ್ತದೆ. ಅದರ ಹಿಂದಿನ ಮೆಟ್ಟಿಲೇ ನಿಮ್ಮ ದೋಣಿಯ ಜಾಗ. ಪಟ್ಟಿಯನ್ನು ಒಂದು ರಟ್ಟಿನ ಮೇಲೆ ಬರೆದು, ಸೆಲ್ಲೋಟೇಪ್ ಸುತ್ತಿ, ಬ್ಯಾಟರಿ ಡಬ್ಬದ ಮುಚ್ಚಳಕ್ಕೆ ಅಂಟಿಸಿ. ನಾಬ್ ಮುಟ್ಟುವಾಗೆಲ್ಲ ಕಣ್ಣಿಗೆ ಬೀಳಬೇಕು.

ಮೋಟಾರಿನಲ್ಲೂ ಎರಡು ಜಾತಿ. ಹಳೆಯ ಐದು ಸ್ಪೀಡಿನವು ಕಡಿಮೆ ವೇಗದಲ್ಲಿ ಸ್ವಲ್ಪ ಕರೆಂಟನ್ನು ಒಳಗಿನ ಕಾಯಿಲ್‌ನಲ್ಲಿ ಬಿಸಿ ಮಾಡಿಯೇ ಕಳೆಯುತ್ತವೆ. ನಾಬ್ ಮೆಟ್ಟಿಲಿಲ್ಲದೆ ನುಣ್ಣಗೆ ತಿರುಗುವವು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ ವೇಗ ಹಿಡಿಯುತ್ತವೆ. ಕಡಿಮೆ ವೇಗದಲ್ಲಿ ಉಳಿತಾಯ ಜಾಸ್ತಿ ಇರುವುದು ಇವುಗಳಲ್ಲೇ. ಹೊಸದಾಗಿ ಕೊಳ್ಳುವವರು ಎರಡನೆಯದನ್ನೇ ತಗೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಯಾವ ಬ್ಯಾಟರಿ

ಕಾರಿನ ಬ್ಯಾಟರಿ ಬೇಡ. ಅದರ ಪ್ಲೇಟ್ ತೆಳ್ಳಗಿರುತ್ತದೆ. ಸ್ಟಾರ್ಟ್ ಮಾಡುವ ಕೆಲವು ಸೆಕೆಂಡಿಗೆ ಜೋರಾಗಿ ಕೊಟ್ಟು ಸುಮ್ನೆ ಕೂರಲು ಮಾಡಿದ್ದು ಅದು. ಗಂಟೆಗಟ್ಟಲೆ ಎಳೆದು ಖಾಲಿ ಮಾಡಿದರೆ ಕೆಲವೇ ತಿಂಗಳಲ್ಲಿ ಸತ್ತುಹೋಗುತ್ತದೆ.

ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ನಿಧಾನ ಡಿಸ್ಚಾರ್ಜಿಗೆ ಒಳ್ಳೆಯದೇ. ಆದರೆ 150 ಆಂಪ್ ಅವರ್‌ನದ್ದು 50 ಕಿಲೋ ದಾಟುತ್ತದೆ, ಎತ್ತರ ಬೇರೆ. ದೋಣಿ ಓಲಾಡಿದಾಗ ಆಸಿಡ್ ಚೆಲ್ಲಬಹುದು. ಅಗಲವಾದ ಫೈಬರ್ ದೋಣಿಯಲ್ಲಿ ನಡುವೆ ಬಿಗಿಯಾಗಿ ಕಟ್ಟಿಟ್ಟರೆ ನಡೆದೀತು, ಗಾಳಿ ತುಂಬುವ ದೋಣಿಯಲ್ಲಿ ಬೇಡ. ಸೀಸದಲ್ಲೇ ಬೇಕೆಂದರೆ ಡೀಪ್ ಸೈಕಲ್, ಅಂದರೆ ಮತ್ತೆ ಮತ್ತೆ ಆಳಕ್ಕೆ ಇಳಿಸಿ ತುಂಬಿಸಲು ಮಾಡಿದ ಸೀಲ್ಡ್ ಬ್ಯಾಟರಿ ಸೂಕ್ತ. ಇ-ರಿಕ್ಷಾಕ್ಕೆ ಬರುವವೂ ಡೀಪ್ ಸೈಕಲ್‌ಗೇ ಮಾಡಿದವು, ದಾವಣಗೆರೆಯಲ್ಲಿ ಹುಡುಕಿದರೆ ಸಿಗುತ್ತವೆ. ಆದರೆ ನೀರು ಹಾಕುವ ತರಹದ್ದಾದರೆ ಮುಚ್ಚಿದ ಡಬ್ಬದಲ್ಲಿಟ್ಟು ಗಾಳಿಯಾಡುವಂತೆ ತೂತು ಬಿಡಬೇಕು.

ದುಡ್ಡು ಹಾಕಲು ಸಾಧ್ಯವಿರುವವರಿಗೆ ನಾನು ಹೇಳುವುದು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂದರೆ ಸಾಕು. 100 ಆಂಪ್ ಅವರ್ ಸೀಸದ್ದು 30 ಕಿಲೋ ಆಸುಪಾಸು ಇದ್ದರೆ ಇದು ಹನ್ನೆರಡು ಕಿಲೋ ಅಷ್ಟೇ. ನೂರರಲ್ಲಿ ಎಂಬತ್ತನ್ನು ಧೈರ್ಯವಾಗಿ ಬಳಸಬಹುದು. ಜೋರಾಗಿ ಎಳೆದರೂ ಮೊತ್ತ ಅಷ್ಟಾಗಿ ಕುಗ್ಗುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಇದರ ವೋಲ್ಟೇಜ್ ಕೊನೆಯವರೆಗೂ 13ರ ಆಸುಪಾಸಿನಲ್ಲೇ ನಿಂತಿದ್ದು ಆಮೇಲೆ ಒಮ್ಮೆಲೇ ಬೀಳುತ್ತದೆ, ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್, ಅಂದರೆ ಬಿಎಂಎಸ್, ಮೋಟಾರನ್ನು ಗಪ್ಪನೆ ಆಫ್ ಮಾಡುತ್ತದೆ. ಹಾಗಾಗಿ ಬರೀ ವೋಲ್ಟ್ ಮೀಟರ್ ನಂಬಬೇಡಿ. ಹೋದ ಆಂಪ್ ಎಣಿಸುವ ಶಂಟ್ ಮೀಟರ್ ಹಾಕಿಸಿ. ಬಿಎಂಎಸ್ ನಿಮ್ಮ ಮೋಟಾರಿನ ಪೂರ್ತಿ ಆಂಪ್ ತಡೆಯುತ್ತದಾ ಅಂತಲೂ ಕೊಳ್ಳುವಾಗಲೇ ನೋಡಿಕೊಳ್ಳಿ.

ಸೀಸದ್ದಕ್ಕೆ ವೋಲ್ಟ್ ಮೀಟರ್ ಸಾಕು. ಆದರೆ ಮೋಟಾರ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ವಿಶ್ರಾಂತಿಯಲ್ಲಿ 12.7 ಇದ್ದರೆ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಅಂದರೆ ಅರ್ಧ. ಅಲ್ಲಿಗೆ ವಾಪಸ್ ಹೊರಡುವ ಹೊತ್ತು ದಾಟಿದೆ ಅಂತ ಲೆಕ್ಕ.

ನೀರೊಳಗಿನ ಮೀನು ತೋರಿಸುವ ಫಿಶ್ ಫೈಂಡರಿಗೆ, ಮೊಬೈಲ್ ಚಾರ್ಜಿಗೆ ಬೇರೆ ಸಣ್ಣ 7 ಆಂಪ್ ಅವರ್ ಬ್ಯಾಟರಿ ಇಡಿ. ಮೋಟಾರಿನ ಗದ್ದಲ ಸ್ಕ್ರೀನ್ ಮೇಲೂ ಬರುವುದಿಲ್ಲ.

ವೈರು: ಕಾಣದ ಕಳ್ಳ

ಬ್ಯಾಟರಿಯನ್ನು ಮುಂದಿಟ್ಟು ಮೋಟಾರನ್ನು ಹಿಂದೆ ಹಾಕಿದವರು ಮನೆ ವೈರಿಂಗಿನ 4 ಚದರ ಮಿಲಿಮೀಟರ್ ವೈರನ್ನೇ ಮೂರು ಮೀಟರ್ ಎಳೆದಿರುತ್ತಾರೆ. ಹೋಗಿ ಬರುವ ದಾರಿ ಸೇರಿ ಆರು ಮೀಟರ್ ತಾಮ್ರ. 40 ಆಂಪ್ ಹರಿದಾಗ ಅಷ್ಟರಲ್ಲೇ 1 ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ, 40 ವ್ಯಾಟ್‌ಗೂ ಮಿಕ್ಕಿ ಸುಮ್ನೆ ವೈರು ಬಿಸಿ ಮಾಡಲು ಹೋಗುತ್ತದೆ. ಅದೇ ಜಾಗದಲ್ಲಿ 16 ಚದರ ಮಿಲಿಮೀಟರ್ ತಾಮ್ರ ಹಾಕಿದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ವೆಲ್ಡಿಂಗ್ ಕೇಬಲ್ ಮೆತ್ತಗಿರುತ್ತದೆ, ದೋಣಿಗೆ ಅನುಕೂಲ. ಒಳಗೆ ತಾಮ್ರವೇ ಇದೆಯಾ, ಅಲ್ಯೂಮಿನಿಯಂ ಇದೆಯಾ ಅಂತ ತುದಿ ಕೆರೆದು ನೋಡಿ ತಗೊಳ್ಳಿ.

ಪರೀಕ್ಷೆ ಸುಲಭ. ಹತ್ತು ನಿಮಿಷ ಜೋರಾಗಿ ಓಡಿಸಿ, ಮೋಟಾರ್ ಆಫ್ ಮಾಡಿ, ತಕ್ಷಣ ಪ್ರತಿ ಜೋಡಣೆಯ ಹತ್ತಿರ ಬೆರಳು ತಂದು ಹುಷಾರಾಗಿ ಮುಟ್ಟಿ. ಬ್ಯಾಟರಿಯ ಲಗ್ (ವೈರಿನ ತುದಿಗೆ ಒತ್ತಿದ ಲೋಹದ ಬಳೆ), ಪ್ಲಗ್, ಫ್ಯೂಸ್, ಒಂದೊಂದಾಗಿ. ಎಲ್ಲ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಆ ಲಗ್ ಬಿಚ್ಚಿ ನೋಡಿದರೆ ಒಂದೋ ನಟ್ ಸಡಿಲವಾಗಿರುತ್ತದೆ, ಇಲ್ಲವೇ ಕೆಳಗೆ ಹಸಿರು ಬಿಳಿ ಪುಡಿ ಕೂತಿರುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಪೂರ್ತಿ ಒಣಗಿಸಿ, ಬಿಗಿ ಮಾಡಿ. ಆಮೇಲೆ ಮೇಲಿಂದ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗದಂತೆ ನೋಡಿಕೊಳ್ಳಿ. ಇಕ್ಕಳದಲ್ಲಿ ಒತ್ತಿದ ಲಗ್ ನಂಬಬೇಡಿ, ಸರಿಯಾದ ಕ್ರಿಂಪಿಂಗ್ ಯಂತ್ರ ಇರುವ ಕಡೆ ಒತ್ತಿಸಿ.

ಬ್ಯಾಟರಿಯ ಪ್ಲಸ್‌ನ ಪಕ್ಕದಲ್ಲೇ ಮೋಟಾರ್ ಕಂಪನಿ ಹೇಳಿದ ಅಳತೆಯ ಬ್ರೇಕರ್ ಇರಲಿ. 55 ಪೌಂಡಿನದ್ದಕ್ಕೆ ಸಾಮಾನ್ಯವಾಗಿ 60 ಆಂಪ್‌ನದ್ದು. ಅದು ಉಳಿತಾಯಕ್ಕಲ್ಲ, ಬೆಂಕಿ ತಪ್ಪಿಸಲಿಕ್ಕೆ.

ಫ್ಯಾನ್ ಬಿಚ್ಚಿ ನೋಡಿ

ನಮ್ಮ ಕೆರೆಗಳ ದಂಡೆಯಲ್ಲಿ ಜೊಂಡು, ಪಾಚಿ, ಹರಿದ ಬಲೆಯ ನೈಲಾನ್ ಎಳೆ ಎಲ್ಲ ಇರುತ್ತದೆ. ಮೋಟಾರ್ ಕೊನೆಯ ನಟ್ ಬಿಚ್ಚಿ. ಪ್ಲಾಸ್ಟಿಕ್ ಫ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಹಿಂದೆ ಒಂದು ಸಣ್ಣ ಲೋಹದ ಪಿನ್ ಅಡ್ಡ ಇರುತ್ತದೆ, ಅದು ನೀರಿಗೆ ಬೀಳುತ್ತದೆ, ಹಾಗಾಗಿ ಈ ಕೆಲಸ ದಂಡೆಯಲ್ಲಿ ಬಟ್ಟೆ ಹಾಸಿ ಮಾಡಿ. ಈಗ ಶಾಫ್ಟಿನ ಬುಡ ನೋಡಿ. ಗಾಳದ ದಾರ ಬಳೆಯಂತೆ ಬಿಗಿಯಾಗಿ ಸುತ್ತಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಒಂದೆಳೆಯೂ ಕಾಣುವುದಿಲ್ಲ. ಬ್ಲೇಡಿನಿಂದ ಕೊಯ್ಯಬೇಡಿ, ಕೆಳಗೆ ರಬ್ಬರ್ ಸೀಲ್ ಇದೆ. ತುದಿ ಹುಡುಕಿ ಬಿಚ್ಚಿ, ಇಲ್ಲವೇ ಸಣ್ಣ ಕತ್ತರಿಯ ಮೊನೆಯಿಂದ ಒಂದೊಂದೇ ಸುತ್ತು ಕತ್ತರಿಸಿ. ಆ ದಾರ ಮೋಟಾರಿಗೆ ಭಾರವಾಗುವುದು ಒಂದು ಕಡೆ. ಸೀಲ್ ಕೊರೆದು ನೀರು ಒಳಗೆ ಬಿಟ್ಟರೆ ಮೋಟಾರೇ ಹೋಯಿತು.

ಫ್ಯಾನಿನ ಅಂಚು ಕಲ್ಲಿಗೆ ಬಡಿದು ಹಲ್ಲು ಹಲ್ಲಾಗಿದ್ದರೆ ನಯವಾದ ಮರಳು ಕಾಗದದಿಂದ ತಿಕ್ಕಿ. ತುಂಡಾಗಿದ್ದರೆ ಬದಲಿಸಿ. ಒಂದು ಪಿನ್, ಒಂದು ನಟ್, ಒಂದು ಸ್ಪ್ಯಾನರ್ ಯಾವಾಗಲೂ ದೋಣಿಯಲ್ಲಿರಲಿ.

ಆಳವನ್ನೂ ನೋಡಿಕೊಳ್ಳಿ. ಫ್ಯಾನಿನ ಮೇಲಿನ ತುದಿ ನೀರಿನಿಂದ ಒಂದು ಗೇಣಾದರೂ ಕೆಳಗಿರಬೇಕು. ಮೇಲಿದ್ದರೆ ಗಾಳಿ ಎಳೆದುಕೊಂಡು ಗಳಗಳ ಸದ್ದು ಮಾಡುತ್ತದೆ, ತಿರುಗುತ್ತದೆ, ಆದರೆ ತಳ್ಳುವುದಿಲ್ಲ. ಜೊಂಡಿನೊಳಗೆ ಹೋಗಬೇಕಾದರೆ ಮೋಟಾರ್ ಎತ್ತಿ ಹುಟ್ಟು ಹಾಕಿ.

ಗಾಳಿ ನೋಡಿ ದಾರಿ ಹಿಡಿಯಿರಿ

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಬೀಸುವ ಪಶ್ಚಿಮದ ಗಾಳಿ ಸಣ್ಣ ದೋಣಿಗೆ ದೊಡ್ಡ ಭಾರ. ಮಾರಿಕಣಿವೆ, ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರ, ಹೆಸರೇ ಹೇಳುವಂತೆ ಕಣಿವೆಯಲ್ಲಿದೆ. 1907ರಲ್ಲಿ ಮುಗಿದ ಆ ಅಣೆಕಟ್ಟು ವೇದಾವತಿಯನ್ನು ಗುಡ್ಡಗಳ ನಡುವೆ ತಡೆದಿದೆ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಿತು. ನೀರು ತುಂಬಿದಾಗ ಅಲ್ಲಿನ ಬಯಲು ಹಿನ್ನೀರು ದೊಡ್ಡದು, ಗಾಳಿಗೆ ತಡೆಯಿಲ್ಲ, ಅಲೆಯೂ ಏಳುತ್ತದೆ. ಸೂಳೆಕೆರೆಯಲ್ಲೂ ನಡುನೀರಿಗೆ ಹೋದರೆ ಇದೇ ಕಥೆ.

ಬೆಳಗ್ಗೆ ಗಾಳಿ ಕಡಿಮೆ. ಬಿಸಿಲು ಏರಿದಂತೆ ಅದೂ ಏರುತ್ತದೆ. ಆದ್ದರಿಂದ ಬ್ಯಾಟರಿ ತುಂಬಿರುವಾಗ, ಬೆಳಗಿನ ಹೊತ್ತಿನಲ್ಲೇ, ಗಾಳಿ ಬರುವ ದಿಕ್ಕಿಗೆ ಎದುರಾಗಿ ಹೋಗಿ. ಮಧ್ಯಾಹ್ನ ಬ್ಯಾಟರಿ ಇಳಿದಾಗ ಗಾಳಿಯೇ ನಿಮ್ಮನ್ನು ಮನೆ ದಂಡೆಗೆ ತಳ್ಳಿಕೊಂಡು ಬರುತ್ತದೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಗಾಳಿಯ ಜೊತೆ ಹಾಯಾಗಿ ಹೋಗಿ, ಸೋತ ಬ್ಯಾಟರಿಯಲ್ಲಿ ಎದುರು ಗಾಳಿಗೆ ಹುಟ್ಟು ಹಾಕುತ್ತಾ ಬರುತ್ತಾರೆ. ನಡುನೀರು ಬಿಟ್ಟು ಗುಡ್ಡದ ಮರೆಯ ದಂಡೆ ಹಿಡಿದು ಹೋದರೆ ದಾರಿ ಉದ್ದವಾದರೂ ಆಂಪ್ ಕಡಿಮೆ.

ಮೀನು ಹಿಡಿಯುವಾಗ ಗಾಳಿಯನ್ನೇ ಕೆಲಸಕ್ಕೆ ಹಚ್ಚಿ. ಗಾಳಿ ಬರುವ ಕಡೆಯ ತುದಿಗೆ ಹೋಗಿ ಮೋಟಾರ್ ಆಫ್ ಮಾಡಿ ತೇಲಿಕೊಂಡು ಬನ್ನಿ, ದೋಣಿ ತಿರುಗಿದಾಗ ಮಾತ್ರ ಒಂದೆರಡು ಸೆಕೆಂಡ್ ಮೋಟಾರ್ ಕೊಡಿ. ಬೇಗ ತೇಲುತ್ತಿದ್ದರೆ ಹಗ್ಗ ಕಟ್ಟಿದ ಬಾಯಗಲ ಚೀಲವೊಂದನ್ನು ನೀರಿಗೆ ಬಿಡಿ, ಅದು ಎಳೆದು ಹಿಡಿಯುತ್ತದೆ. ಒಂದೇ ಕಡೆ ನಿಲ್ಲಬೇಕಾದರೆ ಕಲ್ಲು ಕಟ್ಟಿದ ಹಗ್ಗ ಇಳಿಸಿ. ಜಿಪಿಎಸ್‌ನಿಂದ ತಾನೇ ಜಾಗ ಹಿಡಿಯುವ ಮೋಟಾರ್‌ಗಳು ಅನುಕೂಲವೇನೋ ಹೌದು, ಆದರೆ ಗಾಳಿಯಲ್ಲಿ ಅವು ಕೂತಲ್ಲೇ ಬ್ಯಾಟರಿ ಕುಡಿಯುತ್ತವೆ.

ಭಾರವನ್ನು ದೋಣಿಯ ಉದ್ದಕ್ಕೂ ಹಂಚಿ. ಹಿಂದೆ ಮೋಟಾರ್, ಹಿಂದೆ ಬ್ಯಾಟರಿ, ಹಿಂದೆ ನೀವು ಕೂತರೆ ಮೂತಿ ಮೇಲೆದ್ದು ಗಾಳಿ ಹಿಡಿಯುತ್ತದೆ. ತಳದ ಪಾಚಿ ಉಜ್ಜಿ ತೆಗೆಯಿರಿ, ಒಳಗೆ ನಿಂತ ನೀರು ಚೆಲ್ಲಿ. ಹರಿಗೋಲಿಗೆ ಮೋಟಾರ್ ಕಟ್ಟುವ ಯೋಚನೆ ಇದ್ದವರಿಗೆ ನನ್ನ ಸಲಹೆ ಬೇಡ ಅಂತಲೇ. ದುಂಡಗಿನ ತಳ ನೇರ ಹೋಗುವುದಿಲ್ಲ, ದಿಕ್ಕು ತಿದ್ದುವುದರಲ್ಲೇ ಕರೆಂಟು ಮುಗಿಯುತ್ತದೆ.

ಮನೆಗೆ ಬಂದ ಮೇಲೆ

ಸೀಸದ ಬ್ಯಾಟರಿಯನ್ನು ಅದೇ ದಿನ ಚಾರ್ಜಿಗೆ ಹಾಕಿ. "ನಾಳೆ ಹಾಕಿದರಾಯ್ತು" ಅಂದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಪೂರ್ತಿ ಬಿಡುವುದಿಲ್ಲ. 100 ಆಂಪ್ ಅವರ್‌ಗೆ 10 ಆಂಪ್ ಚಾರ್ಜರ್ ಸರಿ. ಕೊನೆಯ ಭಾಗ ನಿಧಾನವಾಗಿಯೇ ತುಂಬುತ್ತದೆ, ರಾತ್ರಿಯಿಡೀ ಬಿಡಿ. ಕರೆಂಟ್ ಹೋಗಿ ಅರ್ಧಕ್ಕೇ ನಿಂತಿದೆಯಾ ಅಂತ ಬೆಳಗ್ಗೆ ನೋಡಿ. ಗಾಳಿಯಾಡುವ ಜಾಗದಲ್ಲಿ, ಒಲೆ ದೀಪದಿಂದ ದೂರ ಚಾರ್ಜ್ ಮಾಡಿ, ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಮುಗಿದ ಮೇಲೆ. ಬೋರ್‌ವೆಲ್ ನೀರು ಎಂದೂ ಬೇಡ.

ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರ್ ಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಇಡುವಾಗ ಅರ್ಧದ ಆಸುಪಾಸಿನಲ್ಲಿಡಿ. ಸೀಸದ್ದನ್ನು ತುಂಬಿಸಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ನಮ್ಮ ಏಪ್ರಿಲ್, ಮೇ ಬಿಸಿಲು ಬ್ಯಾಟರಿಗೆ ಶತ್ರು. ಬಿಸಿ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ದೋಣಿಯಲ್ಲಿ ಕಪ್ಪು ಡಬ್ಬದ ಮೇಲೆ ಒದ್ದೆ ಗೋಣಿ ಹಾಕಬೇಡಿ, ಟರ್ಮಿನಲ್ ಒಣಗಿರಬೇಕು; ಬಿಳಿ ಬಟ್ಟೆಯ ನೆರಳು ಮಾಡಿ. ಮನೆಯಲ್ಲಿ ತಗಡಿನ ಶೆಡ್ಡಿನಲ್ಲಿಡಬೇಡಿ. ಬಿಸಿಲಿನಿಂದ ತಂದ ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ.

ಕೆಲವು ತಿಂಗಳಿಗೊಮ್ಮೆ

ಮುಚ್ಚಳದ ಪಟ್ಟಿಯನ್ನು ಮತ್ತೆ ತಾಳೆ ನೋಡಿ. ಅದೇ ನಾಬ್‌ನಲ್ಲಿ ಆಂಪ್ ಏರಿದ್ದರೆ ಅಥವಾ ವೇಗ ಇಳಿದಿದ್ದರೆ ಫ್ಯಾನ್, ತಳ, ಭಾರ ನೋಡಿ. ಆಂಪ್ ಅಷ್ಟೇ ಇದ್ದು ಗಂಟೆ ಕಡಿಮೆಯಾಗಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ.

ಅದನ್ನು ಖಚಿತ ಮಾಡಿಕೊಳ್ಳಲು ಸೀಸದ ಬ್ಯಾಟರಿಗೆ ಒಂದು ದಾರಿಯಿದೆ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, 55 ವ್ಯಾಟಿನ ಕಾರ್ ಹೆಡ್‌ಲೈಟ್ ಬಲ್ಬ್ ಹಚ್ಚಿಡಿ. ಅದು ಸುಮಾರು ನಾಲ್ಕೂವರೆ ಆಂಪ್ ಎಳೆಯುತ್ತದೆ. ಬಲ್ಬ್ ಕಾದು ಸುಡುತ್ತದೆ, ಇಟ್ಟಿಗೆಯ ಮೇಲಿಡಿ, ಮಕ್ಕಳ ಕೈಗೆ ಸಿಗದಿರಲಿ. ನೂರು ಆಂಪ್ ಅವರ್ ಬ್ಯಾಟರಿಯಾದರೆ ಹತ್ತು ಗಂಟೆ ಬಿಟ್ಟು ತೆಗೆದು, ಒಂದೆರಡು ಗಂಟೆ ವಿಶ್ರಾಂತಿ ಕೊಟ್ಟು ವೋಲ್ಟ್ ನೋಡಿ. 12.2 ಹತ್ತಿರ ಇದ್ದರೆ ಇನ್ನೂ ಗಟ್ಟಿ. 12ಕ್ಕಿಂತ ಕೆಳಗಿಳಿದಿದ್ದರೆ ದೂರದ ದಂಡೆಗೆ ಅದನ್ನು ನಂಬಿ ಹೋಗಬೇಡಿ. ಬ್ಯಾಟರಿ ಹೇಗೇ ಇರಲಿ, ಹುಟ್ಟು ಮತ್ತು ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಲೇಬೇಡಿ.

ಸತ್ತ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಸೀಸಕ್ಕೆ ಬೆಲೆ ಹಿಡಿದು ಬಿಲ್ಲಿನಲ್ಲಿ ಕಳೆಯುತ್ತಾರೆ. ಗುಜರಿಯವರು ಅದನ್ನು ಒಡೆದು ಆಸಿಡ್ಡನ್ನು ಹಳ್ಳಕ್ಕೆ ಚೆಲ್ಲಿದರೆ ಅದು ಹರಿದು ಸೇರುವುದು ನಮ್ಮ ಕೆರೆಗೇ.